ಜೆನೀವಾಳ ಫೋನಿನಿಂದ ಬಂದ ಕರೆಗಳು

ತಪ್ಪು ಕೋಣೆಗೆ ಬಂದುಬಿಟ್ಟೆವು ಎಂದೇ ನಾವು ಅಂದುಕೊಂಡೆವು. ಬ್ರಾಂಕ್ಸ್‌ನ ಆ ಅಂತ್ಯಕ್ರಿಯೆಯ ಮನೆಯಲ್ಲಿ, ಪೆಟ್ಟಿಗೆಯೊಳಗೆ ಕಂದು ಸೂಟು ತೊಟ್ಟ ಗಂಡಸೊಬ್ಬ ಮಲಗಿದ್ದ. ತಲೆ ನುಣ್ಣಗೆ ಬೋಳಿಸಿದ್ದರು. ಬಾಗಿಲ ಹಲಗೆಯ ಮೇಲೆ ನಾವು ಎಂದೂ ಕೇಳದ ಹೆಸರು.

"ಇವನ್ಯಾರೋ ಬೇರೆ. ಬಾರೇ ಓಡೆಟ್, ಪಕ್ಕದ ರೂಮ್ ನೋಡೋಣ," ಎಂದರು ಅಮ್ಮ.

ಹೊರಡಲು ತಿರುಗಿದವಳು ನಿಂತೆ. ಮಡಿಸಿಟ್ಟ ಕೈಗಳ ಅಡಿಯಿಂದ ಒಂದು ಹೆಬ್ಬೆರಳು ಇಣುಕುತ್ತಿತ್ತು. ಅದರ ಉಗುರು ದಾಳಿಂಬೆ ಕೆಂಪು. ಉಳಿದ ಉಗುರುಗಳ ಬಣ್ಣ ಉಜ್ಜಿ ತೆಗೆದವರು ಅದೊಂದನ್ನು ಮರೆತಿದ್ದರು. ವಾರದ ಹಿಂದೆ ಬಾಲ್‌ಗೆ, ಅಂದರೆ ನಮ್ಮಂಥವರು ಸಿಂಗರಿಸಿಕೊಂಡು ಸ್ಪರ್ಧಿಸುವ ಕೂಟಕ್ಕೆ, ಹೊರಡುವ ಮುಂಚೆ ಆ ಬಣ್ಣ ಹಚ್ಚಿದವಳು ನಾನೇ.

"ಅಮ್ಮಾ... ಇದು ನಮ್ಮ ಜೆನೀವಾ."

ನಮ್ಮದು ಟಾಲಿವರ್ ಮನೆ. ಹೆತ್ತವರಿಗೆ ಬೇಡವಾದ ಒಂಬತ್ತು ಕರಿಯ ಮಕ್ಕಳು ನಾವು. ಅಮ್ಮ ಅರ್ನೆಸ್ಟೀನ್ ನಮ್ಮನ್ನು ಹೆರಲಿಲ್ಲ, ಸಾಕಿದರು. ಊರು ಗಂಡೆಂದರೂ ತಾನು ಹೆಣ್ಣೆಂದು ಬಲ್ಲ ಜೆನೀವಾ ಹದಿನೇಳಕ್ಕೆ ಬಂದು, ಹನ್ನೊಂದು ವರ್ಷ ಅವರ ಮಗಳಾಗಿ ಬಾಳಿದಳು. ಬಾಲ್‌ನ ಸ್ಪರ್ಧೆಯಲ್ಲಿ ಅವಳು ಮುಖವೆತ್ತಿ ನಡೆದು ಬಂದರೆ ತೀರ್ಪುಗಾರರೆಲ್ಲ ಹತ್ತಕ್ಕೆ ಹತ್ತು ಎನ್ನುತ್ತಿದ್ದರು.

ಮಂಗಳವಾರ ಬೆಳಿಗ್ಗೆ ದಮ್ಮು ಬಂತು. ಮಧ್ಯಾಹ್ನದೊಳಗೆ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ಅಮ್ಮ "ನಾನು ಅವಳ ತಾಯಿ" ಎಂದರು. "ಕಾಗದ ಇದೆಯೇ?" ಎಂದು ಅಲ್ಲಿನವರು ಕೇಳಿದರು. ಇರಲಿಲ್ಲ. ಆಮೇಲೆ ಎಲ್ಲವನ್ನೂ ನಿರ್ಧರಿಸಿದ್ದು ಹನ್ನೊಂದು ವರ್ಷದಿಂದ ಅವಳ ಮುಖ ನೋಡದ ಹೆತ್ತಮ್ಮ.

ಮಣ್ಣು ಮಾಡಿದ ಐದನೆಯ ದಿನ, ಸಂಜೆ ನಾಲ್ಕಕ್ಕೆ ಅಮ್ಮನ ಫೋನು ರಿಂಗಾಯಿತು. ಪರದೆಯ ಮೇಲೆ ಹೆಸರು: ಜೆನೀವಾ.

ಅಮ್ಮ ಎತ್ತಿದರು. ಮಾತಿಲ್ಲ. ಬರೀ ಉಸಿರು. ಅದೂ ಗೊರಗೊರ ಎನ್ನುವ, ದಮ್ಮು ಇದ್ದವರ ಉಸಿರು. ಕರೆ ಕಟ್ಟಾಯಿತು.

ಮರುದಿನವೂ ನಾಲ್ಕಕ್ಕೇ ಬಂತು. ಅದರ ಮರುದಿನವೂ. ನಾವು ತಿರುಗಿ ಕರೆದರೆ ಯಾರೂ ಎತ್ತುತ್ತಿರಲಿಲ್ಲ. ರೆಕಾರ್ಡಿನಲ್ಲಿ ಜೆನೀವಾಳ ದನಿಯೇ "ಆಮೇಲೆ ಸಿಗ್ತೀನಿ ಬಂಗಾರ" ಎನ್ನುತ್ತಿತ್ತು. ಅಮ್ಮ ಹೊಲಿಗೆ ಬಿಟ್ಟರು. ಸತ್ತವಳು ಅದರಲ್ಲಿ ಕಂಡಾಳೆಂದು ಕನ್ನಡಿಗೆ ಬಟ್ಟೆ ಹೊದಿಸಿದರು.

ಭಾನುವಾರ ಯಾದೀರಾ ಬಂದಳು. ಅವಳು ನಮ್ಮಂಥದೇ ಇನ್ನೊಂದು ಮನೆಯ ಮಗಳು, ಕ್ಲಿನಿಕ್ಕಿನಲ್ಲಿ ಆರೋಗ್ಯ ಕಾರ್ಯಕರ್ತೆ. ಮೇಜಿನ ಮೇಲೆ ಎರಡು ಹಾಳೆ ಇಟ್ಟಳು.

"ಏನೇ ಇದು?"

"ಒಂದು ಆಸ್ಪತ್ರೆಗೆ ಅಮ್ಮಾ. ನಾವು ಮಾತಾಡೋಕಾಗದೆ ಬಿದ್ದಿದ್ರೆ ನಮ್ಮ ಪರವಾಗಿ ಯಾರು ಹೇಳ್ಬೇಕು ಅಂತ. ಇನ್ನೊಂದು ಸತ್ತ ಮೇಲಿಂದು. ದೇಹ ಯಾರ ಕೈಗೆ, ಯಾವ ಬಟ್ಟೆ, ಯಾವ ಹೆಸರು, ಎಲ್ಲ ಅದ್ರಲ್ಲಿ ಬರೀಬಹುದು."

"ಎತ್ಕೊಂಡ್ ಹೋಗು! ಸಾವಿನ ಕಾಗದ ಮನೆಗ್ ತಂದ್ರೆ ಸಾವೂ ಹಿಂದೇನೇ ಬರತ್ತೆ."

"ಕಾಗದ ಇಲ್ದೇನೂ ಬಂತಲ್ಲಮ್ಮ," ಎಂದಳು ಯಾದೀರಾ ಮೆಲ್ಲಗೆ.

ಅಮ್ಮ ಒಲೆಯ ಮೇಲಿನ ಸೊಪ್ಪನ್ನು ತಿರುವಿದರು. "ವಕೀಲರು ಬೇಕಲ್ವಾ ಇದಕ್ಕೆಲ್ಲ?"

"ನಮ್ಮ ರಾಜ್ಯದಲ್ಲಿ ಬೇಡ. ಹದಿನೆಂಟು ದಾಟಿದೋರು ಇಬ್ರು ಸಾಕ್ಷಿ ಸಹಿ ಹಾಕಿದ್ರೆ ಸಾಕು. ನಾವು ಯಾರನ್ನ ಆರಿಸ್ತೀವೋ ಅವ್ರು ಮಾತ್ರ ಸಾಕ್ಷಿ ಆಗೋ ಹಾಗಿಲ್ಲ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗಂಟೆ ನಾಲ್ಕು.  ಈ ಸಲ ನಾನೇ ಎತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅದೇ ಉಸಿರು ಅಡುಗೆಮನೆ ತುಂಬಿತು.

"ಜೆನೀವಾ?" ಎಂದೆ. ಯಾಕೆ ಹಾಗೆ ಕೇಳಿದೆನೋ ಇಂದಿಗೂ ಗೊತ್ತಿಲ್ಲ.

ಉಸಿರಿನ ನಡುವಿನಿಂದ ಮುದಿ ದನಿಯೊಂದು ಬಂತು. "ಹಾಗಂತ ಕರೀತಿದ್ರಾ ನೀವು?"

ಅವರು ವಿಲ್ಲಾ ಮೇ, ಜೆನೀವಾಳ ಹೆತ್ತಮ್ಮ. ದಮ್ಮು ಅವಳಿಗೆ ಬಂದದ್ದು ಅವರಿಂದಲೇ.

"ಆಸ್ಪತ್ರೆಯೋರು ಕೊಟ್ಟ ಈ ಫೋನಲ್ಲಿ 'ಅಮ್ಮ' ಅಂತ ಇತ್ತು," ಎಂದರು. "ನನ್ನ ನಂಬರೇ ಇರ್ಬೇಕು ಅಂತ ಒತ್ತಿದೆ. ಯಾರೋ ಬೇರೆ ಎತ್ತಿದ್ರು. ಏನ್ ಹೇಳ್ಬೇಕೋ ತಿಳೀಲಿಲ್ಲ. ದಿನಾ ಒತ್ತಿದೆ."

ಅಮ್ಮ ಒಲೆ ಬಿಟ್ಟು ಬಂದು ಫೋನಿನ ಮುಂದೆ ಕೂತರು.

"ಬಟ್ಟೆ ತನ್ನಿ ಅಂದ್ರು ಅಂತ್ಯಕ್ರಿಯೆ ಮನೆಯೋರು. ನನಗೆ ಗೊತ್ತಿದ್ದದ್ದು ಹದಿನೇಳರ ಹುಡುಗ. ಅವನಿಗೇ ಅಂತ ಸೂಟು ತಂದೆ. ಪೆಟ್ಟಿಗೇಲಿ ನೋಡಿದ್ರೆ ಅವನೂ ಇರ್ಲಿಲ್ಲ ಕಣಮ್ಮ. ಯಾರೋ ಮೂರನೆಯವರು ಮಲಗಿದ್ರು. ನನ್ನ ಮಗು ಎಲ್ಲಿ ಹೋಯ್ತು?"

ಬೈಯುತ್ತಾರೆ ಅಂದುಕೊಂಡಿದ್ದೆ. ಅಮ್ಮ ಫೋನನ್ನು ಕೈಗೆತ್ತಿಕೊಂಡು, "ಕೂತ್ಕೊಳ್ಳಿ. ಎಲ್ಲಾ ಹೇಳ್ತೀನಿ," ಎಂದರು. ಸೊಪ್ಪು ತಳ ಹಿಡಿಯಿತು. ಯಾರೂ ಏಳಲಿಲ್ಲ.

ಆಮೇಲೆ ವಿಲ್ಲಾ ಮೇ ಮಗಳ ಸಮಾಧಿಗೆ ಹೊಸ ಕಲ್ಲು ಹಾಕಿಸಿದರು. ಅದರ ಮೇಲೆ ಜೆನೀವಾ ಟಾಲಿವರ್ ಎಂದಿದೆ. ಆದರೆ ಕಲ್ಲಿನ ಕೆಳಗೆ ಅವಳು ಇನ್ನೂ ಆ ಕಂದು ಸೂಟಿನಲ್ಲೇ ಇದ್ದಾಳೆ. ಅದನ್ನು ಇನ್ನು ಯಾರೂ ಬದಲಿಸಲಾರರು. ಎಷ್ಟೋ ರಾತ್ರಿ ಅದನ್ನೇ ನೆನೆಯುತ್ತಾ ನನಗೆ ಎಚ್ಚರವಾಗುತ್ತದೆ.

ಆ ಕರೆ ಬಂದ ಸಂಜೆಯೇ ಅಮ್ಮ ಪೆನ್ನು ಕೇಳಿದರು. ತಮ್ಮ ಪರವಾಗಿ ಹೇಳಲು ನನ್ನನ್ನು ಆರಿಸಿದರು. ಸಾಕ್ಷಿಗೆ ಯಾದೀರಾ ಮತ್ತು ಕೆಳಗಿನ ಮನೆಯ ಕ್ಷೌರಿಕ.

"ಹಸಿರು ಮಿನುಗಿನ ಗೌನು ಅಂತ ಬರಿ. ಲಿಪ್‌ಸ್ಟಿಕ್ ಮಾತ್ರ ಈ ಯಾದೀರಾ ಹಚ್ಚಕೂಡದು. ಅವಳ ತುಟಿ ನೋಡಿದ್ರೇ ಗೊತ್ತಾಗತ್ತೆ, ಕೈ ನೆಟ್ಟಗಿಲ್ಲ."

"ಸತ್ತ ಮೇಲೂ ನಿಮ್ಮ ಬಾಯಿ ಮುಚ್ಚಲ್ಲ ಬಿಡಿ," ಎಂದಳು ಯಾದೀರಾ, ಅಳುತ್ತಲೇ.

ಆ ವಾರದೊಳಗೆ ಟಾಲಿವರ್ ಮನೆಯ ಉಳಿದ ಎಂಟೂ ಮಕ್ಕಳು ಸಹಿ ಹಾಕಿದೆವು.

ಇದನ್ನು ಓದುತ್ತಿರುವ ತಂಗಿ, ತಮ್ಮ, ನಿಮ್ಮ ಮನೆ ಯಾವುದಾದರೂ ಆಗಲಿ: ನಿಮ್ಮನ್ನು ಬಲ್ಲವರು ಯಾರೆಂದು ಆಸ್ಪತ್ರೆಗೆ ತಾನಾಗಿ ಗೊತ್ತಾಗುವುದಿಲ್ಲ. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಈ ಎರಡು ಹಾಳೆ ಕೇಳಿ. ಇಬ್ಬರು ಸಾಕ್ಷಿಗಳನ್ನು ಕರೆಯಿರಿ. ನಂಬಿದವರ ಹೆಸರನ್ನು ಬರೆಯಿರಿ, ನಿಮ್ಮನ್ನು ಏನೆಂದು ಕರೆಯಬೇಕೆಂದೂ ಬರೆಯಿರಿ. ಒಂದು ಪ್ರತಿ ಅವರ ಕೈಯಲ್ಲಿರಲಿ. ಚೆನ್ನಾಗಿದ್ದೇವಲ್ಲ ಎಂದು ಮುಂದೂಡಬೇಡಿ. ಸೋಮವಾರ ಜೆನೀವಾಳೂ ಚೆನ್ನಾಗಿದ್ದಳು.