ತೋಳು ಸುಟ್ಟ ಸ್ವೆಟರ್

ನಾನು ಒಂದು ಉಣ್ಣೆಯ ಸ್ವೆಟರ್. ಗದಗಿನಲ್ಲಿ ನರ್ಸ್ ಆಗಿದ್ದ ಸುಮಿತ್ರಾಬಾಯಿ ತನ್ನ ಗಂಡನಿಗಾಗಿ ನನ್ನನ್ನು ಹೆಣೆದಳು. ಬಸ್ಸಿನಲ್ಲಿ ಕೂತಾಗ, ಡ್ಯೂಟಿಯ ನಡುವೆ ಬಿಡುವು ಸಿಕ್ಕಾಗ ಒಂದೊಂದೇ ಸಾಲಾಗಿ ಬೆಳೆದೆ. ಆರು ಚಳಿಗಾಲ ಅವರ ಮನೆಯಲ್ಲಿದ್ದೆ. ಒಮ್ಮೆ ಒಲೆಯ ಹತ್ತಿರ ಒಣಗಲು ಹಾಕಿದಾಗ ನನ್ನ ಎಡತೋಳು ಮೊಣಕೈವರೆಗೆ ಸುಟ್ಟುಹೋಯಿತು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗ ಸುಮಿತ್ರಾಬಾಯಿ ನನ್ನನ್ನು ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡಳು. ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ನೋಡಿದಳೇ ಹೊರತು ನನ್ನತ್ತ ತಿರುಗಲಿಲ್ಲ.

ಅಲ್ಲಿಂದ ನಾನು ಸಂತೆಯಲ್ಲಿ ತಾಡಪತ್ರಿ ಹಾಸಿ ಹಳೆ ಬಟ್ಟೆ ಮಾರುವ ಹುಲಿಗೆವ್ವನ ಕೈ ಸೇರಿದೆ.

ಚಳಿ ಶುರುವಾದಾಗ ಮೌಲಾಸಾಬ ಎಂಬವನು ಬಂದ. ಹತ್ತಿ ಗಿರಣಿಯ ಯಂತ್ರ ಅವನ ಎಡಗೈಯನ್ನು ಭುಜದವರೆಗೂ ತಿಂದಿತ್ತು. ಈಗ ಅದೇ ಗಿರಣಿಯ ಗೇಟು ಕಾಯುತ್ತಿದ್ದ.

"ಎಷ್ಟವಾ ಇದಕ್ಕ?"

"ನೂರು."

"ತೋಳು ನೋಡು, ಸುಟ್ಟು ಕರಕಾಗೇತಿ. ಐವತ್ತು ತಗೋ."

ಹುಲಿಗೆವ್ವ ನಕ್ಕಳು. "ಆ ತೋಳು ತಗೊಂಡು ನೀ ಏನ್ ಮಾಡಾಂವ? ನಿನ್ನ ಪಾಲಿಗಿ ಇದು ಹೊಸಾದ!"

ಅಕ್ಕಪಕ್ಕದವರೂ ನಕ್ಕರು. ಮೌಲಾಸಾಬ ನನ್ನನ್ನು ಹಿಡಿದುಕೊಂಡೇ ನಿಂತಿದ್ದ. "ಹೌದವಾ, ಖರೇನ ಹೇಳಿದಿ" ಎಂದು ನನ್ನನ್ನು ಮಡಚಿಡಲು ನೋಡಿದ. ಒಂದೇ ಕೈಯಲ್ಲಿ ಆಗಲಿಲ್ಲ. ಹಾಗೆಯೇ ಬಿಟ್ಟು ಹೋದ.

"ಅಣ್ಣಾ, ಬಾರೋ! ಐವತ್ತ ಕೊಡು!" ಹುಲಿಗೆವ್ವ ಎದ್ದು ನಿಂತು ಕೂಗಿದಳು. ಅವನು ತಿರುಗಲಿಲ್ಲ. ಮುಂದಿನ ನಾಲ್ಕು ಸಂತೆ ಅವಳು ನನ್ನನ್ನು ಯಾರಿಗೂ ತೋರಿಸದೆ ಪಕ್ಕದಲ್ಲೇ ಇಟ್ಟುಕೊಂಡು ಅವನ ದಾರಿ ಕಾದಳು.

ಸಂಕ್ರಾಂತಿಯ ನಂತರ ಒಬ್ಬ ಹೆಂಗಸು ಬಂದು ಗಂಟು ಬಿಚ್ಚಿದಳು. ನಾಲ್ಕು ಅಂಗಿಗಳಿದ್ದವು. ನಾಲ್ಕರದೂ ಎಡತೋಳು ಕತ್ತರಿಸಿ ಹೊಲಿದಿತ್ತು.

"ನಮ್ಮನಿಯವರವು, ಯಕ್ಕಾ. ಗಿರಣಿ ಗೇಟಿನಾಗ ಭಾಳ ಥಂಡಿ. ಎದಿಯಾಗ ಕಫ ಕಟ್ಟಿ ಹೋಗಿಬಿಟ್ರು."

ಹುಲಿಗೆವ್ವ ಅಂಗಿಗಳ ಎಡಭುಜದ ಹೊಲಿಗೆಯ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. "ಎಷ್ಟು ಕೊಡ್ಲಿ? ನೀನ ಹೇಳವಾ" ಎಂದಳು.

ಚೌಕಾಸಿಗೆ ಸಿದ್ಧಳಾಗಿ ಬಂದಿದ್ದ ಆಕೆ ಗಾಬರಿಯಾದಳು. "ಒಂದ್ ತೋಳಿಲ್ಲ ನೋಡು ಇವಕ್ಕ. ಅರ್ಧಾ ರೇಟ್ ಕೊಟ್ರ ಸಾಕು" ಎಂದಳು.

ಹುಲಿಗೆವ್ವ ಪೂರ್ತಿ ಕೊಟ್ಟಳು. ಅಂಗಿಗಳನ್ನು ಮಾರಲಿಲ್ಲ, ನನ್ನನ್ನೂ ಮಾರಲಿಲ್ಲ. ಒಂದೇ ಚೀಲದಲ್ಲಿ ತುಂಬಿ ಮನೆಯ ಅಟ್ಟಕ್ಕೆ ಹಾಕಿದಳು. ಈಗ ನನಗೆ ನುಸಿ ಹಿಡಿದಿದೆ. ಆದರೆ ಆ ಚಳಿಗಾಲದಲ್ಲಿ, ಸುಟ್ಟ ತೋಳೊಂದನ್ನು ಬಿಟ್ಟರೆ ನಾನು ಗಟ್ಟಿಯಾಗಿಯೇ ಇದ್ದೆ. ಅವನಿಗೆ ಸಾಕಾಗುತ್ತಿದ್ದೆ.