ಬಲ್ಬು ಕಿತ್ತ ಮಾವ

ಹಾರನಹಳ್ಳಿಯ ಮಹದೇವಯ್ಯನ ಹಳೇ ಡೀಸೆಲ್ ಕಾರಿಗೆ ಯಾರಾದರೂ ಒಂದು ಮಾತು ಅಂದರೆ ಸಾಕು, ಅವನಿಗೆ ಮೂಗಿನ ತುದಿಗೇ ಕೋಪ ಬರುತ್ತಿತ್ತು. ಊರಿನಲ್ಲಿ ಹೊಸ ಕಾರುಗಳು ಬಂದವು, ಮಾರಿಯೂ ಹೋದವು. ಇವನದು ಮಾತ್ರ ಹೊಗೆ ಉಗುಳುತ್ತ ಹೊಗೆಸೊಪ್ಪಿನ ಹೊಲಕ್ಕೂ ಹುಣಸೂರು ಸಂತೆಗೂ ತಿರುಗುತ್ತಲೇ ಇತ್ತು. ಅಂಥ ಕಾರಿನೊಳಗೆ, ಮಗ ಸುನೀಲ್ಕುಮಾರನ ಮದುವೆ ಹತ್ತಿರ ಬಂದ ಹೊತ್ತಿಗೆ, ಸ್ಪೀಡೋಮೀಟರ್ ಪಕ್ಕದ ಬ್ಯಾಟರಿ ಗುರುತಿನ ಕೆಂಪು ದೀಪ ಮಿಣಮಿಣ ಎನ್ನತೊಡಗಿತು. ಇಂಜಿನ್ ಓಡುವಾಗ ಅದು ಆರಿರಬೇಕಾದ ದೀಪ.

ತೋರಿಸಿಕೊಂಡು ಬರೋಣವೆಂದರೆ ಮದುವೆ ಮನೆಯಲ್ಲಿ ಪುರುಸೊತ್ತೆಲ್ಲಿ? ಹಂಪಾಪುರದ ಬೀಗರು ಮುಂದಿನ ಸೀಟಿನಲ್ಲಿ ಕೂತು, ಇದೇನು ಕೆಂಪಗೆ ಅಂದುಬಿಟ್ಟರೆ ಇವನ ಮಾನ ಉಳಿಯುವುದುಂಟೆ? ಒಂದು ಮಧ್ಯಾಹ್ನ ಯಾರೂ ಕಾಣದಂತೆ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕೈ ತೂರಿಸಿ ಬಲ್ಬನ್ನೇ ಕಿತ್ತು ತಿಪ್ಪೆಗೆಸೆದ. ದೀಪ ಹೋಯಿತು, ತೊಂದರೆಯೂ ಹೋಯಿತು ಅಂದುಕೊಂಡ. ಭಾರೀ ಮೇಸ್ತ್ರಿ.

ಮದುವೆ ಮುಗಿಸಿ ಹೊಸ ಸೊಸೆ ಸುಕನ್ಯಳನ್ನು ಹಂಪಾಪುರದಿಂದ ಅದೇ ಕಾರಿನಲ್ಲಿ ಕರೆತಂದರು. ಕತ್ತಲಾಗುತ್ತಿತ್ತು. ದಾರಿಯುದ್ದಕ್ಕೂ ಹೆಡ್‌ಲೈಟು, ಜೊತೆಗೆ ಹಾಡು. ಊರು ಹತ್ತಿರವಾದಂತೆ ಹೆಡ್‌ಲೈಟಿನ ಬೆಳಕು ಹಳದಿಯಾಯಿತು, ಹಾಡು ನಿಂತಿತು. ಮನೆ ಇನ್ನು ಕೂಗಳತೆಯಲ್ಲಿದೆ ಅನ್ನುವಾಗ ಸುನೀಲ ಅಡ್ಡ ಬಂದ ಹಸುವೊಂದಕ್ಕೆ ಬ್ರೇಕ್ ಹಾಕಿದ, ಇಂಜಿನ್ ಆಫ್ ಆಯಿತು. ಮತ್ತೆ ಕೀ ತಿರುಗಿಸಿದರೆ ಟಿಕ್ ಅನ್ನುವ ಸದ್ದಷ್ಟೆ.

ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟು ಆರತಿ ಹಿಡಿದು ಕಾಯುತ್ತಿದ್ದ ಪುಟ್ಟಸಿದ್ದಮ್ಮ ಬೀದಿಗೇ ಬಂದಳು. ಮಹದೇವಯ್ಯನ ಹೆಂಡತಿ ಅವಳು. ಶಾಸ್ತ್ರ ಸಂಪ್ರದಾಯದಲ್ಲಿ ಒಂದಿಂಚೂ ಬಿಟ್ಟುಕೊಡದ ಹೆಂಗಸು. ಹುಡುಗಿಯನ್ನು ಕೆಳಗಿಳಿಸಿದರು. ಊರ ಹುಡುಗರು ಇಳಿಜಾರಿನಲ್ಲಿ ನೂಕಿದರು. ಗಾಡಿ ಗಡಗಡನೆ ಸ್ಟಾರ್ಟ್ ಆಯಿತು.

ಅಷ್ಟೇ ಸಾಕಾಯಿತು. ಅವಳು ಕೂತಳು, ಗಾಡಿ ನಿಂತಿತು. ಅವಳು ಇಳಿದಳು, ಗಾಡಿ ಓಡಿತು. "ಕಾಲ್ಗುಣ ಕಣಮ್ಮಿ" ಎಂದು ಯಾರೋ ಪಿಸುಗುಟ್ಟಿದ್ದು ಹುಡುಗಿಯ ಕಿವಿಗೂ ಬಿತ್ತು. ತಲೆ ತಗ್ಗಿಸಿಕೊಂಡು ನಡೆದೇ ಮನೆಗೆ ಬಂದಳು. ಮಹದೇವಯ್ಯ ಕಾರಿನ ಬಾನೆಟ್ಟಿನ ಧೂಳು ಒರೆಸುತ್ತ ನಿಂತ. ನಿಜ ಹೇಳಬೇಕೆಂದರೆ, ಕಾರನ್ನು ಯಾರೂ ಬೈಯಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟಿದ್ದ.

ಪಿರಿಯಾಪಟ್ಟಣದಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿದ ಮೇಲೆ ಕಾರು ಹಗಲಲ್ಲಿ ಹೊಲಕ್ಕೆ ಹೋಗಿ ಬರುತ್ತಿತ್ತು, ತಕರಾರಿಲ್ಲ. ಆಮೇಲೆ ಸುಕನ್ಯಳನ್ನು ತವರಿಗೆ ಕರೆದೊಯ್ದು ಸಂಜೆ ಮಳೆಯಲ್ಲಿ ಅವಳೊಂದಿಗೇ ವಾಪಸ್ಸು ಹೊರಟರು. ಲೈಟು, ವೈಪರು ಎಲ್ಲ ಹಾಕಿದ್ದರು. ಹುಣಸೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೇ ತಡ, ಕಾರು ಮತ್ತೆ ಟಿಕ್ ಎಂದಿತು. ಈ ಸಲ ಪಿಸುಮಾತಲ್ಲ, ಜೊತೆಗಿದ್ದ ಪುಟ್ಟಸಿದ್ದಮ್ಮ ಕಾಲ್ಗುಣವೆಂದು ಬಾಯಿಬಿಟ್ಟೇ ಹೇಳಿದಳು. ಅಂದಿನಿಂದ ಸುಕನ್ಯ ಎಲ್ಲಿಗೆ ಹೋದರೂ ಬಸ್ಸು. ಮಾವ ಕಾರಿನ ಕೀ ಕೈಗೆತ್ತಿಕೊಂಡರೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದವಳು ಮೊರ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಹಾಗೆ ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅದನ್ನು ನೋಡಲಾಗದೆ ಮಹದೇವಯ್ಯ ಕಾರನ್ನು ಹುಣಸೂರಿನ ನಂಜಣ್ಣನ ಶೆಡ್ಡಿಗೆ ತಂದ. ನಂಜಣ್ಣ ಗಾಡಿಗಳ ವೈರಿಂಗ್ ಕೆಲಸದವನು, ಬಾಯಿ ಸ್ವಲ್ಪ ಜಾಸ್ತಿ. ಸಡಿಲವಾಗಿದ್ದ ಬೆಲ್ಟ್ ಬಿಗಿ ಮಾಡಿದ. ಇಂಜಿನ್ ಓಡುವಾಗ ಬ್ಯಾಟರಿಗೆ ಮೀಟರ್ ಹಿಡಿದ, ಚಾರ್ಜೇ ಏರುತ್ತಿಲ್ಲ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಬಿಚ್ಚಿ ಪರೀಕ್ಷಿಸಿದ, ಅದು ಚೆನ್ನಾಗಿತ್ತು. ಅರ್ತ್ ವೈರು ಉಜ್ಜಿದ, ಬ್ಯಾಟರಿಗೆ ಹೋಗುವ ದಪ್ಪ ವೈರು ನೋಡಿದ. ಕೊನೆಗೆ ಇಂಜಿನ್ ಆಫ್ ಮಾಡಿ ಬರೀ ಕೀ ತಿರುಗಿಸಿ ಡ್ಯಾಶ್‌ಬೋರ್ಡನ್ನೇ ದಿಟ್ಟಿಸಿದ, ಅದರ ಹಿಂದೆ ಕೈ ಹಾಕಿ ತಡಕಿದ.

"ಕೀ ತಿರುಗ್ಸಿದ್ರೆ ಉರೀಬೇಕಾದ ಕೆಂಪು ದೀಪ ಎಲ್ಲಿ? ಬಲ್ಬೇ ಇಲ್ವಲ್ರೀ ಇಲ್ಲಿ. ಯಾರು ಕಿತ್ತಿದ್ದು?"

"ಯಾರೋ ಏನೋ, ನಂಗೊತ್ತಿಲ್ಲ ಕಣಪ್ಪ" ಎಂದ ಮಹದೇವಯ್ಯ. ಮಾತು ಯೋಚನೆಗಿಂತ ಮುಂಚೆ ಬಾಯಿಂದ ಈಚೆ ಬಂದಿತ್ತು.

"ಎಲ್ಲಾ ಎಡವಟ್ಟು ಇದ್ರಿಂದ್ಲೇ ಆಗಿರೋದು. ಈ ಬಲ್ಬಿನ ದಾರೀಲೇ ಒಂಚೂರು ಕರೆಂಟ್ ಓಗಿ ಆಲ್ಟರ್ನೇಟ್ರನ್ನ ಎಬ್ಬಿಸ್ಬೇಕು. ಅದು ಎದ್ರೆ ತಾನೆ ಬ್ಯಾಟ್ರಿ ತುಂಬ್ಸೋದು? ಬಲ್ಬ್ ಇಲ್ದಿದ್ರೆ ಮಲಗೇ ಇರ್ತದೆ. ಡೀಸೆಲ್ ಇಂಜಿನ್ನು ಒಂದ್ಸಲ ಹಿಡ್ಕಂಡ್ರೆ ಕರೆಂಟ್ ಇಲ್ದೆನೂ ಓಡ್ತದೆ, ಅದ್ಕೇ ನಿಮ್ಗೆ ಗೊತ್ತಾಗಿಲ್ಲ. ಲೈಟ್ ಹಾಕ್ಕಂಡು ದೂರ ಓದ್ರೆ ಬ್ಯಾಟ್ರಿ ಖಾಲಿ. ಕಿತ್ತೋನು ಯಾವನೋ ಬುದ್ಧಿವಂತ ಬುಡಿ."

ಬುದ್ಧಿವಂತ ಬೆಂಚಿನ ಮೇಲೆ ಕೂತ. ಎರಡು ಸಲವೂ ಕತ್ತಲು, ಎರಡು ಸಲವೂ ಲೈಟು. ಆ ಹುಡುಗಿ ಮಾಡಿದ ತಪ್ಪೆಂದರೆ ಸಂಜೆ ಹೊತ್ತು ಕಾರು ಹತ್ತಿದ್ದು. ತನ್ನ ಒಣ ಜಂಬಕ್ಕೆ ಅವಳು ಬೀದಿಯಲ್ಲಿ ತಲೆ ತಗ್ಗಿಸಿದ್ದಳು. ಹೊಸ ಬಲ್ಬು ಹಾಕಿಸಿಕೊಂಡು, ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಊರಿಗೆ ಬಂದ.

ಜಗಲಿಯಲ್ಲಿ ಎಲ್ಲರೂ ಇದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟ. "ನೋಡೇ, ಕಾರು ನಿಂತಿದ್ದು ಇವಳ ಕಾಲ್ಗುಣದಿಂದ ಅಲ್ಲ. ಬಲ್ಬು ಇರ್ಲಿಲ್ಲ ಅದ್ರಾಗೆ. ಮದುವೆಗೆ ಮುಂಚೆ ನಾನೇ ಕಿತ್ತು ತಿಪ್ಪೆಗೆ ಎಸ್ದಿದ್ದೆ. ತಪ್ಪು ನಂದು."

ಪುಟ್ಟಸಿದ್ದಮ್ಮ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಆಮೇಲೆ ನಕ್ಕಳು.

"ನಂಜಣ್ಣ ಆಗ್ಲೇ ಫೋನ್ ಮಾಡಿದ್ದ" ಎಂದ ಸುನೀಲ, ಮೆತ್ತಗೆ. "ಬಲ್ಬ್ ಯಾರು ಕಿತ್ರೋ ಗೊತ್ತಿಲ್ಲ ಅಂತ ನೀವೇ ಅಂದ್ರಂತಲ್ಲಪ್ಪ."

"ಸುಳ್ಳೇಳ್ದೆ ಕಣೋ ಅವನ ಹತ್ರ. ನಾಚ್ಕೆ ಆಯ್ತು."

"ಬುಡ್ರೀ ಸಾಕು" ಎಂದಳು ಪುಟ್ಟಸಿದ್ದಮ್ಮ. "ಇಷ್ಟು ವರ್ಷ ಇದ್ದ ಬಲ್ಬು ಇವಳು ಬರೋ ಹೊತ್ಗೇ ಸರಿಯಾಗಿ ಯಾಕೆ ಮಾಯ ಆಗ್ಬೇಕು? ಸೊಸೆ ಮ್ಯಾಲೆ ಪಿರೂತಿ ಇರ್ಲಿ, ಬ್ಯಾಡ ಅನ್ನಲ್ಲ. ಅಂಗಂತ ಆ ಕಾರನ್ನ ನಾನೇ ಕೆಡಿಸ್ದೆ ಅಂತ ನೀವಂದ್ರೆ ನಂಬೋಕೆ ನಾನೇನು ಕೂಸಾ? ಒಂದು ಗೀರು ಬಿದ್ರೆ ಉಣ್ಣದಿರೋ ಮನುಷ್ಯ ನೀವು."

ಮಹದೇವಯ್ಯ ಆಣೆ ಇಟ್ಟ. ಈಗಲೇ ಎಲ್ಲರೂ ಹತ್ತಿ, ಮೈಸೂರಿನವರೆಗೆ ಲೈಟ್ ಹಾಕಿಕೊಂಡೇ ಹೋಗಿ ಬರೋಣ ಎಂದ. ರಿಪೇರಿ ಮಾಡಿಸಿ ತಂದ ಗಾಡಿ ಓಡದೆ ಏನು, ಅದರಿಂದ ಯಾರದ್ದು ತಪ್ಪೆಂದು ಹೇಗೆ ಗೊತ್ತಾಗುತ್ತದೆ ಎಂದು ಹೇಳಿ ಹೆಂಡತಿ ಎದ್ದು ಒಳಗೆ ಹೋದಳು. ಹೋಗುವಾಗ ಜಗಲಿಗೆ ಬಂದು ಕೂತಿದ್ದ ಪಕ್ಕದ ಮನೆಯ ಮಾರಮ್ಮನಿಗೆ, "ಇಂಥ ಮಾವ ಸಿಗೋಕೆ ಪುಣ್ಯ ಮಾಡಿರ್ಬೇಕು" ಅಂದದ್ದು ಅವನಿಗೆ ಚೆನ್ನಾಗಿ ಕೇಳಿಸಿತು.

ಸುಕನ್ಯ ಚೊಂಬಿನಲ್ಲಿ ನೀರು ತಂದು ಅವನ ಮುಂದಿಟ್ಟಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ಕಾಣುತ್ತಿತ್ತು.

"ನನ್ಗೋಸ್ಕರ ನೀವು ಇಂಗೆಲ್ಲ ಸುಳ್ಳೇಳ್ಬೇಡಿ ಮಾವ" ಎಂದಳು, ಯಾರಿಗೂ ಕೇಳದ ದನಿಯಲ್ಲಿ. "ನಮ್ಮಪ್ಪನೂ ನನ್ ಪರವಾಗಿ ಇಷ್ಟು ಮಾತಾಡಿರ್ಲಿಲ್ಲ. ನಾನು ಬಸ್ಸಲ್ಲೇ ಓಯ್ತೀನಿ, ನಂಗೇನೂ ಬೇಜಾರಿಲ್ಲ."

ಮಹದೇವಯ್ಯ ಮತ್ತೊಮ್ಮೆ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.