ಎರಡನೆಯ ಸೋಮವಾರದ ಶುಭಸಂದೇಶ

ನಮ್ಮ ಚರ್ಚಿನಲ್ಲಿ ನಾನು ಬೈಬಲ್ ವಾಚನ ಓದಲು ನಿಂತರೆ ಗೋಡೆಯ ಹಲ್ಲಿಯೂ ಲೊಚಗುಟ್ಟುವುದನ್ನು ನಿಲ್ಲಿಸುತ್ತದೆ. ಒಮ್ಮೆ ಮೈಕು ಕೆಟ್ಟಾಗ ನನ್ನ ದನಿ ಮೂರು ಬೀದಿ ದಾಟಿ ಹೋಗಿ, ಮಲಗಿದ್ದವರೆಲ್ಲ ಎದ್ದು ಮುಖ ತೊಳೆದುಕೊಂಡರಂತೆ. ಕಸುಬಿನಲ್ಲಿ ನಾನು ದರ್ಜಿ. ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗುವ ಬೈಬಲ್ ವಾಕ್ಯದ ಬಗ್ಗೆ ನನಗಿರುವಷ್ಟು ಅನುಭವ ಬಿಷಪ್ಪರಿಗೂ ಇಲ್ಲ.

ಬೆಳಗಿನ ಪೂಜೆಯಲ್ಲಿ ಕೇಳಿದ್ದನ್ನು ದಿನವಿಡೀ ಬದುಕಿಗೆ ಅನ್ವಯಿಸಿಕೊಳ್ಳಿ ಎನ್ನುತ್ತಾರೆ ಫಾದರ್. ನಾನು ಅನ್ವಯಿಸಿದಷ್ಟು ಈ ಭೂಮಿಯ ಮೇಲೆ ಯಾರೂ ಅನ್ವಯಿಸಿಲ್ಲ. ಆದರೆ ಬೇರೆಯವರ ಬದುಕಿಗೆ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದವನಿಗೆ ಉಪವಾಸದ ವಾಕ್ಯ. ಬಟ್ಟೆ ಬೇಗ ಬೇಕೆಂದು ಕೂಗಾಡಿದವನಿಗೆ ತಾಳ್ಮೆಯ ವಾಕ್ಯ. ಮಿಕ್ಕದ್ದೆಲ್ಲ ಹೆಂಡತಿಗೆ. ಅಡುಗೆಗೆ ಉಪ್ಪು ಕಮ್ಮಿಯಾದರೆ, 'ಉಪ್ಪೇ ಸಪ್ಪೆಯಾದರೆ ಗತಿಯೇನು' ಎಂದು ತಟ್ಟೆ ತಳ್ಳುತ್ತಿದ್ದೆ.

"ದೇವರು ನಿಮ್ಮ ಕೈಗೆ ಕನ್ನಡಿ ಕೊಟ್ರೆ, ಅದನ್ನ ಟಾರ್ಚ್ ಮಾಡ್ಕೊಂಡಿದ್ದೀರಲ್ರೀ" ಅನ್ನುತ್ತಿದ್ದಳು ಅವಳು.

ಒಂಬತ್ತು ತಿಂಗಳ ಹಿಂದೆ, ಒಂದು ಗುರುವಾರ ಬೆಳಿಗ್ಗೆ ನಾನು ಚರ್ಚಿಗೆ ಹೊರಟಾಗ, "ಬಲಗೈ ಯಾಕೋ ಜೋಮು ಹಿಡಿದಿದೆ ರೀ" ಎಂದಳು. ಅಂದಿನ ಪೂಜೆಯಲ್ಲಿ ಓದಬೇಕಿದ್ದ ಯೇಸುವಿನ ಶುಭಸಂದೇಶ, ದಿನವೂ ನಿನ್ನ ಶಿಲುಬೆ ಹೊತ್ತು ನಡೆ ಎಂಬುದು. "ಹೊರು, ಹೊರು" ಎಂದು ನಗಾಡಿ ಹೊರಟುಬಿಟ್ಟೆ. ಪೂಜೆಯಾದ ಮೇಲೆ ಅಂಗಡಿಯಲ್ಲಿ ಕೂತು ಮಧ್ಯಾಹ್ನದವರೆಗೆ ಗಿರಾಕಿಗಳ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದೆ. ಮನೆಗೆ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಪಾರ್ಶ್ವವಾಯು. ಬಲಗೈ, ಬಲಗಾಲು ಎರಡೂ ಹೋದವು. ಬಾಯಿ ಒಂದು ಪಕ್ಕ ಸೊಟ್ಟಗಾಯಿತು, ಮಾತು ಮಾತ್ರ ನೆಟ್ಟಗೇ ಉಳಿಯಿತು.

ಮೊದಲೇ ಏನಾದರೂ ಲಕ್ಷಣ ಇತ್ತೇ ಎಂದು ಡಾಕ್ಟರ್ ಕೇಳಿದಾಗ, "ಇವಳು ಏನೂ ಹೇಳಲೇ ಇಲ್ಲ ಸಾರ್" ಎಂದೆ. ಊರಿಗೆಲ್ಲ ಅದನ್ನೇ ಹೇಳಿದೆ. ಅವಳು ಸುಮ್ಮನಿದ್ದಳು.

ಡಾಕ್ಟರ್ ಕೈಚೆಲ್ಲಿದ ಮೇಲೆ ನಾನು ವಾರ ಎಣಿಸತೊಡಗಿದೆ. ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ ಎರಡನೆಯ ಸೋಮವಾರ ಪ್ರತಿವರ್ಷ ಬರುವ ಶುಭಸಂದೇಶ ನನಗೆ ಬಾಯಿಪಾಠ: ಪಾರ್ಶ್ವವಾಯು ರೋಗಿಯನ್ನು ಗೆಳೆಯರು ಛಾವಣಿ ಬಿಚ್ಚಿ ಯೇಸುಸ್ವಾಮಿಯ ಮುಂದೆ ಇಳಿಸುತ್ತಾರೆ, ಅವನು ಎದ್ದು ಹಾಸಿಗೆ ಹೊತ್ತು ನಡೆಯುತ್ತಾನೆ. ಆ ದಿನ ಇವಳೂ ನಡೆಯುತ್ತಾಳೆ ಎಂದು ಇಡೀ ಬೀದಿಗೆ ಸಾರಿದೆ. ಹೊಸ ಚಪ್ಪಲಿ ತಂದೆ.

ಅಂದು ನಾಲ್ವರು ಬಂದರು: ಬಸ್ಸು ಓಡಿಸುವ ನನ್ನ ಭಾವಮೈದ, ಇಸ್ತ್ರಿಯವನು, ಬೇಕರಿಯವನು, ನಲ್ಲಿ ರಿಪೇರಿಯವನು. ಕುರ್ಚಿಯಲ್ಲಿ ಕೂರಿಸಿ ನಾಲ್ಕನೆಯ ಮಹಡಿಯಿಂದ ಇಳಿಸಿದೆವು. ಹೇಳುವಾಗ ನಾನು ಹದಿನಾಲ್ಕನೆಯದು ಅನ್ನುತ್ತೇನೆ.

"ವಾಪಸ್ ಯಾವಾಗ ಬರ್ಬೇಕು ಭಾವ? ಏಳಕ್ಕೆ ನನ್ನ ಡ್ಯೂಟಿ" ಎಂದ ಭಾವಮೈದ.

"ನೀವ್ಯಾರೂ ಬರಬೇಡಿ. ಹೋಗೋದಕ್ಕೆ ಕುರ್ಚಿ, ಬರೋದಕ್ಕೆ ಕಾಲು!"

"ಅಕ್ಕ, ನೀನಾದ್ರೂ ಹೇಳೇ."

"ನಿಮ್ಮ ಭಾವನ ಬಾಯಿಗೆ ಬೀಗ ಇನ್ನೂ ಯಾರೂ ಮಾಡಿಲ್ಲ ಕಣೋ. ನಡಿ" ಎಂದಳು. ದಾರಿಯುದ್ದಕ್ಕೂ ಆ ಕಡೆ ಈ ಕಡೆ ಕತ್ತು ಹೊರಳಿಸುತ್ತಲೇ ಇದ್ದಳು.

ಮುಂದಿನ ಸಾಲಿನಲ್ಲಿ ಕುರ್ಚಿ ಇಳಿಸಿ ನಾಲ್ವರೂ ಹೊರಟುಹೋದರು. ಗಂಟೆ ಹೊಡೆಯಿತು. ಫಾದರ್ ಹೊರಬಂದರು. ಮೈಮೇಲೆ ಬಿಳಿ ಉಡುಪು.

ಆಗಮನ ಕಾಲಕ್ಕೆ ನೇರಳೆ. ಅದನ್ನು ಹೊಲಿದವನೇ ನಾನು. ಬಿಳಿ ಯಾಕೆ? ವಾರ ಎಣಿಸಿದ್ದೆ, ತಾರೀಖು ನೋಡಿರಲಿಲ್ಲ. ಡಿಸೆಂಬರ್ ಎಂಟು, ಅಮಲೋದ್ಭವ ಮಾತೆ ಮರಿಯಮ್ಮನ ಹಬ್ಬ. ಹಬ್ಬ ಬಿದ್ದರೆ ಸೋಮವಾರದ ವಾಚನಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಮುಂಚೆ ನೋಡಿಕೊಂಡು ಓದುವುದು ಹೊಸಬರ ಕೆಲಸ ಎಂದು ಬೀಗುತ್ತಿದ್ದ ನಾನು, ಬರಿಗೈಯಲ್ಲಿ ಯುದ್ಧಕ್ಕೆ ಬಂದವನಂತೆ ವಾಚನಪೀಠ ಹತ್ತಿದೆ.

ಪುಟ ತೆರೆದಿತ್ತು. ಆದಿಕಾಂಡ. ಬೇಡವೆಂದ ಹಣ್ಣು ತಿಂದು ತೋಟದಲ್ಲಿ ಅವಿತ ಮೊದಲ ಗಂಡಸನ್ನು ದೇವರು ಕೂಗುತ್ತಾರೆ: ನೀನು ಎಲ್ಲಿದ್ದೀಯೆ? ಓದಿದೆ. ಮುಂದಿನದು ಅವನ ಉತ್ತರ: ತಪ್ಪು ನನ್ನದಲ್ಲ, ನೀವು ಕೊಟ್ಟ ಈ ಹೆಂಗಸಿನದು.

ಮೂರು ಬೀದಿ ದಾಟುವ ದನಿ ಗಂಟಲು ದಾಟಲಿಲ್ಲ. ಕುರ್ಚಿಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ, ಕಾಯುತ್ತಿದ್ದಳು ಅಷ್ಟೇ. ಹೇಗೋ ಗೊಣಗಿ ಮುಗಿಸಿದೆ. "ಜೋರಾಗಿ ಓದಪ್ಪ" ಎಂದು ಹಿಂದಿನಿಂದ ಯಾರೋ ಮುದುಕಿ ಗದರಿದಳು.

ದೇವದೂತ ಮರಿಯಮ್ಮನ ಬಳಿ ಬಂದ ಶುಭಸಂದೇಶವನ್ನು ಫಾದರ್ ಓದಿದರು. ದೇವರಿಗೆ ಅಸಾಧ್ಯವಾದದ್ದಿಲ್ಲ ಎಂಬಲ್ಲಿಗೆ ಬಂದಾಗ, ನಾಚಿಕೆಗೆಟ್ಟ ನಾನು ಅವಳ ಬಲಗಾಲನ್ನೇ ನೋಡಿದೆ. ಹೊಸ ಚಪ್ಪಲಿ ಜಾರಿ ನೆಲಕ್ಕೆ ಬಿತ್ತು. ಅಷ್ಟೇ.

ಪೂಜೆಗೆ ಬಂದಿದ್ದ ಇಬ್ಬರು ಹೆಂಗಸರು ಕೈಗೂಡಿಸಿ ಕುರ್ಚಿಯನ್ನು ನಮ್ಮ ಮೆಟ್ಟಿಲ ಬುಡದವರೆಗೆ ತಂದುಬಿಟ್ಟು ಕೆಲಸಕ್ಕೆ ಓಡಿದರು.

"ನಂಗೆ ಗೊತ್ತಿತ್ತು ರೀ, ಇವತ್ತು ಮಾತೆ ಹಬ್ಬ ಅಂತ" ಎಂದಳು. "ಕ್ಯಾಲೆಂಡರ್ ನನ್ನ ಮಂಚದ ಎದುರಿಗೇ ಇದೆಯಲ್ಲ."

"ಬಾಯಿ ಬಿಡಬಾರದಿತ್ತೇನೇ?"

"ಬಿಟ್ಟಿದ್ರೆ ಹೊತ್ಕೊಂಡು ಹೋಗ್ತಿದ್ರಾ? ಒಂಬತ್ತು ತಿಂಗಳಾಯ್ತು ಬೀದಿ ನೋಡಿ. ಔಷಧಿ ಅಂಗಡಿಗೆ ಹಸಿರು ಬಳಿದಿದ್ದಾರೆ, ಹೇಳಲೇ ಇಲ್ವಲ್ಲ ನೀವು."

ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳಿದೆ: "ಅವತ್ತು ನೀನು ಹೇಳಿದ್ದೆ. ಕೈ ಜೋಮು ಅಂತ."

"ಹೂಂ. ಹೇಳಿದ್ದೆ."

ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಒಂದು ಮೆಟ್ಟಿಲು. ಎರಡು. ಮೂರು.

"ಇಳಿಸಿ ರೀ, ಕಾಲು ನಡುಗ್ತಿದೆ ನಿಮ್ದು. ಇಬ್ರೂ ಬಿದ್ರೆ ಎತ್ತೋರು ಯಾರು?"

ಮೂರನೆಯ ಮೆಟ್ಟಿಲ ಮೇಲೆ ಅವಳನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತೆ. ಎಲ್ಲವನ್ನೂ ಹತ್ತರಷ್ಟು ಮಾಡಿ ಹೇಳುವ ನಾನು ಇದೊಂದನ್ನು ಇದ್ದಂತೆ ಹೇಳುತ್ತೇನೆ: ಮೆಟ್ಟಿಲು ಅರವತ್ತೆಂಟು. ಉಳಿದ ಮೂವರೂ ಕೆಲಸಕ್ಕೆ ಹೋಗಿಯಾಗಿತ್ತು, ಭಾವಮೈದನ ಬಸ್ಸು ಮರಳುವುದು ಎರಡು ಗಂಟೆಗೆ. ಆಗಿನ್ನೂ ಏಳೂಮುಕ್ಕಾಲು.

"ಇದಕ್ಕೆ ಯಾವ ವಾಕ್ಯ?" ಎಂದಳು.

ಚರ್ಚಿನಲ್ಲಿ ಜಾರಿದ ಮೇಲೆ ಅವಳ ಮಡಿಲಲ್ಲೇ ಇದ್ದ ಚಪ್ಪಲಿಯನ್ನು ಕಾಲಿಗೆ ತೊಡಿಸಿದೆ. ಅದು ಮತ್ತೆ ಜಾರಿತು. ಮತ್ತೆ ತೊಡಿಸಿದೆ.